ಖಾಲಿ ಬೆಂಚಿಗೆ ಪಾಠ

ಇಂಜಿನಿಯರಿಂಗ್ ಓದಿದ ಯಾರನ್ನಾದರೂ ಕೇಳಿ ನೋಡಿ, ‘ಎನ್‌ಪಿಟೆಲ್’ ಅಂದ ಕೂಡಲೇ ಕಣ್ಣ ಮುಂದೆ ಬರೋದು ಹೆಚ್ಚುಕಮ್ಮಿ ಒಂದೇ ಚಿತ್ರ. ಹಸಿರು ಬೋರ್ಡು, ಅದರ ಮುಂದೆ ಇನ್‌ಶರ್ಟ್ ಮಾಡಿಕೊಂಡ ಪ್ರೊಫೆಸರು, ಕಾಲರಿಗೆ ಸಿಕ್ಕಿಸಿದ ಮೈಕು, ಕೈಯಲ್ಲಿ ಸೀಮೆಸುಣ್ಣ. ಶುರುವಿನಲ್ಲಿ ಆ ಸಂಗೀತ ಬೇರೆ. ಪ್ರೊಫೆಸರು ನಮ್ಮನ್ನು ನೋಡೋದಿಲ್ಲ. ಕ್ಯಾಮೆರಾದಿಂದ ಒಂದು ಗೇಣು ಆಚೆ, ಅಲ್ಲಿ ಯಾರೋ ಕೂತಿದ್ದಾರೆ ಅನ್ನೋ ಹಾಗೆ, ಖಾಲಿ ಜಾಗ ನೋಡಿಕೊಂಡು ಮಾತಾಡ್ತಾರೆ.

ನಮ್ಮಲ್ಲಿ ಸಿನಿಮಾಕ್ಕೆ ವಿಮರ್ಶೆ ಇದೆ, ಕಾದಂಬರಿಗೆ ಇದೆ, ದರ್ಶಿನಿಯ ಖಾಲಿದೋಸೆಗೂ ಇದೆ. ಲಕ್ಷಾಂತರ ಹುಡುಗ ಹುಡುಗಿಯರು ರಾತ್ರಿಯಿಡೀ ಕೂತು ನೋಡಿದ ಈ ಪಾಠಗಳಿಗೆ ಮಾತ್ರ ವಿಮರ್ಶೆ ಅನ್ನೋದಿಲ್ಲ. ‘ಚೆನ್ನಾಗಿದೆ’, ‘ಬೋರು’, ‘ಒಂದೂವರೆ ಸ್ಪೀಡಲ್ಲಿ ನೋಡು’ ಅನ್ನೋ ಮೂರು ಷರಾ ಬಿಟ್ಟರೆ ಬೇರೇನಿಲ್ಲ. ನನಗನ್ನಿಸೋದು, ಕಳೆದ ಇಪ್ಪತ್ತು ವರ್ಷದಲ್ಲಿ ಏಷ್ಯಾದ ಉನ್ನತ ಶಿಕ್ಷಣಕ್ಕೆ ಏನಾಯ್ತು ಅಂತ ತಿಳೀಬೇಕಾದರೆ ನೀತಿ ಆಯೋಗದ ವರದಿಗಿಂತ ಈ ವಿಡಿಯೋಗಳನ್ನೇ ಒಂದು ಸಾಹಿತ್ಯ ಪ್ರಕಾರ ಅಂತ ಹಿಡಿದು ನೋಡೋದು ಒಳ್ಳೇದು. ಪಾಠ ಮಾಡುವವರು ಯಾರನ್ನು ಎದುರಿಗೆ ಕಲ್ಪಿಸಿಕೊಂಡಿದ್ದಾರೆ? ಆ ಎದುರಿನ ಬೆಂಚಿನಲ್ಲಿ ನಮ್ಮೂರಿನ ಹುಡುಗಿಗೆ ಜಾಗ ಇದೆಯಾ?

ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. 2001ರಲ್ಲಿ ಅಮೆರಿಕದ ಎಂಐಟಿ ತನ್ನ ಕೋರ್ಸುಗಳ ಸಾಮಗ್ರಿಯನ್ನೆಲ್ಲ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಡ್ತೀವಿ ಅಂತ ಘೋಷಿಸಿತು. 2003ರಲ್ಲಿ ನಮ್ಮ ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಕೇಂದ್ರ ಸರ್ಕಾರದ ದುಡ್ಡಿನಲ್ಲಿ ಎನ್‌ಪಿಟೆಲ್ ಶುರು ಮಾಡಿದವು. ಎರಡೂ ಮೇಲ್ನೋಟಕ್ಕೆ ಒಂದೇ ಥರ ಕಂಡರೂ ಉದ್ದೇಶ ಬೇರೆ. ಎಂಐಟಿಯವರು ತಮ್ಮ ಮನೆಯ ಕಿಟಕಿ ತೆರೆದಿಟ್ಟರು, ಬೇಕಾದವರು ಇಣುಕಿ ಅಂತ. ಎನ್‌ಪಿಟೆಲ್ ಹುಟ್ಟಿದ್ದು ಒಂದು ಕೊರತೆಯಿಂದ. ಊರೂರಿಗೂ ಇಂಜಿನಿಯರಿಂಗ್ ಕಾಲೇಜು ಎದ್ದವು, ಪಾಠ ಮಾಡುವವರು ಅಷ್ಟು ಬೇಗ ಎಲ್ಲಿಂದ ಬರಬೇಕು? ಹಾಗಾಗಿ ಮೇಷ್ಟರ ಬದಲು ಮೇಷ್ಟರ ಚಿತ್ರ.

ನಾನು ಬಿಇ ಓದಿದ್ದು ಅಂಥದ್ದೇ ಒಂದು ಕಾಲೇಜಿನಲ್ಲಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ತಿಪಟೂರು ಕಡೆಯ ಹಳ್ಳಿ, ತೆಂಗಿನ ತೋಟ. ಹಾಸ್ಟೆಲಿನಲ್ಲಿ ಇಂಟರ್ನೆಟ್ ಇರಲಿಲ್ಲ. ಸೀನಿಯರ್ ಒಬ್ಬರು ಬೆಂಗಳೂರಿನಿಂದ ಹಾರ್ಡ್‌ಡಿಸ್ಕಿನಲ್ಲಿ ತುಂಬಿಸಿಕೊಂಡು ಬಂದ ವಿಡಿಯೋಗಳು ರೂಮಿಂದ ರೂಮಿಗೆ ಪೆನ್‌ಡ್ರೈವಿನಲ್ಲಿ ಓಡಾಡುತ್ತಿದ್ದವು, ಪಕ್ಕದಲ್ಲೇ ‘ಮುಂಗಾರು ಮಳೆ’ಯೂ ಇರುತ್ತಿತ್ತು ಅನ್ನಿ. ಐಐಟಿ ದೆಹಲಿಯ ನವೀನ್ ಗರ್ಗ್ ಅವರ ಡೇಟಾ ಸ್ಟ್ರಕ್ಚರ್ಸ್ ಪಾಠ ನೋಡದೆ ಕ್ಯಾಂಪಸ್ ಇಂಟರ್‌ವ್ಯೂಗೆ ಹೋದವರು ನಮ್ಮ ಬ್ಯಾಚಿನಲ್ಲಿ ಕಡಿಮೆ. ಎಲೆಕ್ಟ್ರಾನಿಕ್ಸ್‌ನವರಿಗೆ ದತ್ತಾ ರಾಯ್ ಅವರ ಸರ್ಕ್ಯೂಟ್ ಥಿಯರಿ.

ಆ ವಿಡಿಯೋಗಳು ನಮಗೆ ಕೊಟ್ಟ ದೊಡ್ಡ ಉಪಕಾರ ಜ್ಞಾನ ಅಂತ ಎಲ್ಲರೂ ಹೇಳ್ತಾರೆ. ನಾನು ಹೇಳೋದು ಹಿಂದಕ್ಕೆ ಹೋಗುವ ಬಟನ್ ಅಂತ. ಇಂಗ್ಲಿಷಿನಲ್ಲಿ ಒಂದು ವಾಕ್ಯ ತಪ್ಪಿಹೋದರೆ ಕ್ಲಾಸಿನಲ್ಲಿ ಕೈ ಎತ್ತುವ ಧೈರ್ಯ ನಮಗೆಲ್ಲಿತ್ತು? ‘ಸರ್, ಇನ್ನೊಂದು ಸಲ ಹೇಳಿ’ ಅನ್ನೋದನ್ನೂ ಇಂಗ್ಲಿಷಿನಲ್ಲೇ ಅನ್ನಬೇಕಿತ್ತು. ಇಲ್ಲಿ ಹತ್ತು ಸಲ ಹಿಂದಕ್ಕೆ ಹೋದರೂ ಪ್ರೊಫೆಸರು ಮುಖ ಗಂಟಿಕ್ಕದೆ ಅದೇ ವಾಕ್ಯ ಅದೇ ತಾಳ್ಮೆಯಲ್ಲಿ ಹೇಳ್ತಿದ್ದರು. ಬಂಗಾಳಿ ಇಂಗ್ಲಿಷು, ತಮಿಳು ಇಂಗ್ಲಿಷು ನಮ್ಮ ಕಿವಿಗೆ ಅಮೆರಿಕದ ಇಂಗ್ಲಿಷಿಗಿಂತ ಹತ್ತಿರವಾಗಿತ್ತು. ಹೀಗಾಗಿ ಈ ಪ್ರಕಾರದ ಬಗ್ಗೆ ನಾನು ಮುಂದೆ ಏನೇ ಕಟುವಾಗಿ ಬರೆದರೂ, ಅದರ ಋಣ ನನ್ನ ಸಂಬಳದ ಚೀಟಿಯಲ್ಲೇ ಇದೆ.

ಈಗ ವಿಮರ್ಶೆಗೆ ಬರೋಣ. ಎನ್‌ಪಿಟೆಲಿನ ಮೊದಲ ಹಂತದಲ್ಲಿ ಒಂದು ಕೋರ್ಸಿಗೆ ಸುಮಾರು 40 ಉಪನ್ಯಾಸ, ಒಂದೊಂದೂ ಹೆಚ್ಚುಕಮ್ಮಿ ಒಂದು ಗಂಟೆ. ಅದರಲ್ಲಿ ಅತ್ಯುತ್ತಮ ಯಾವುದು ಅಂದರೆ ನಾನು ಯೋಚನೆ ಮಾಡದೆ ಐಐಟಿ ಮದ್ರಾಸಿನ ವಿ. ಬಾಲಕೃಷ್ಣನ್ ಅವರ ಭೌತಶಾಸ್ತ್ರದ ಪಾಠಗಳು ಅಂತೀನಿ. ನನ್ನ ವಿಷಯ ಅಲ್ಲವೇ ಅಲ್ಲ, ಪರೀಕ್ಷೆಗೂ ಬೇಕಿರಲಿಲ್ಲ. ಆದರೂ ಕೆಲಸಕ್ಕೆ ಸೇರಿದ ಮೇಲೆ ಒಂದಿಡೀ ಬೇಸಿಗೆ ಕ್ವಾಂಟಂ ಫಿಸಿಕ್ಸ್ ನೋಡಿದೆ. ಅಲ್ಲಿ ಇರೋದು ಬೋರ್ಡು, ಸೀಮೆಸುಣ್ಣ, ಅವರು, ಮತ್ತು ಬಹಳ ಮುಖ್ಯವಾಗಿ, ಎದುರಿಗೆ ನಿಜವಾದ ವಿದ್ಯಾರ್ಥಿಗಳು. ನಮಗೆ ಅವರು ಕಾಣೋದಿಲ್ಲ. ಆದರೆ ಮೇಷ್ಟರ ಕಣ್ಣಿನಲ್ಲಿ ಕಾಣ್ತಾರೆ. ಒಂದು ಹೆಜ್ಜೆ ಹಾಕಿ, ನಿಂತು, ಮುಂದಿರುವ ಮುಖಗಳನ್ನು ನೋಡಿ, ಇದು ಇಳಿದಿಲ್ಲ ಅಂತ ಗೊತ್ತಾಗಿ, ಬೇರೆ ದಾರಿಯಿಂದ ಮತ್ತೆ ಬರ್ತಾರೆ. ಆ ‘ಮತ್ತೆ ಬರೋದು’ ಇದೆಯಲ್ಲ, ಅದೇ ಪಾಠ. ಎದುರಿಗೆ ಕೂತ ಯಾರೋ ಒಬ್ಬ ದಡ್ಡನಂತೆ ಮುಖ ಮಾಡಿದ್ದಕ್ಕೆ ನನಗೂ ಅರ್ಥವಾಯ್ತು. ಅವನು ಯಾರೋ, ಅವನಿಗೊಂದು ನಮಸ್ಕಾರ.

ಖಾಲಿ ಸ್ಟುಡಿಯೋದಲ್ಲಿ ಮಾಡಿದ ಪಾಠಗಳಲ್ಲಿ ಈ ಅನುಕೂಲ ಇಲ್ಲ. ವಿಷಯ ಅದೇ, ಪಾಂಡಿತ್ಯ ಅದೇ, ಆದರೆ ಮೇಷ್ಟರಿಗೆ ನಿಲ್ಲೋದಕ್ಕೆ ಕಾರಣವೇ ಸಿಗೋದಿಲ್ಲ. ಒಂದು ಸಮೀಕರಣದಿಂದ ಇನ್ನೊಂದಕ್ಕೆ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಹೋಗಿಬಿಡ್ತಾರೆ, ನಮ್ಮ ಸ್ಟಾಪಿನಲ್ಲಿ ನಿಲ್ಲಿಸೋದಿಲ್ಲ.

ನಾವು ಓದುವ ಕಾಲಕ್ಕೇ ಉಪಗ್ರಹ ಪಾಠವೂ ಬಂದಿತ್ತು. 2004ರ ಸೆಪ್ಟೆಂಬರಿನಲ್ಲಿ ಇಸ್ರೋ ಹಾರಿಸಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಮಾಡಿದ ಉಪಗ್ರಹ. ಅದನ್ನು ಮೊದಲು ಬಳಸಿಕೊಂಡವರಲ್ಲಿ ನಮ್ಮ ವಿಟಿಯು ಕೂಡ ಒಂದು. ನಮ್ಮ ಕಾಲೇಜಿನಲ್ಲಿ ಅದಕ್ಕೊಂದು ರೂಮು, ರೂಮಿಗೊಂದು ಬೀಗ, ಬೀಗದ ಕೈ ಒಬ್ಬರ ಹತ್ತಿರ, ಅವರು ಹೆಚ್ಚಾಗಿ ರಜೆ. ಇನ್ನು ಹೆಚ್ಚು ಹೇಳಬೇಕಾಗಿಲ್ಲ ಅಲ್ವಾ?

2012 ಬಂತು. ಎಂಐಟಿಯ ಅನಂತ್ ಅಗರ್‌ವಾಲ್ ಮಾರ್ಚಿನಲ್ಲಿ 6.002ಎಕ್ಸ್ ಅನ್ನೋ ಸರ್ಕ್ಯೂಟ್ಸ್ ಕೋರ್ಸನ್ನು ಜಗತ್ತಿಗೆಲ್ಲ ಪುಕ್ಕಟೆ ತೆರೆದರು. ಅಗರ್‌ವಾಲ್ ಬೆಳೆದದ್ದು ಮಂಗಳೂರಿನಲ್ಲಿ, ಓದಿದ್ದು ಸಂತ ಅಲೋಶಿಯಸ್‌ನಲ್ಲಿ, ಆಮೇಲೆ ಐಐಟಿ ಮದ್ರಾಸು. ಹಾಗಾಗಿ ನಮ್ಮವರೇ ಅಂತ ಸ್ವಲ್ಪ ಹೆಮ್ಮೆ. ಹೆಸರು ಕೊಟ್ಟವರು 1,54,763 ಜನ. ಪಾಸಾಗಿ ಸರ್ಟಿಫಿಕೇಟ್ ಪಡೆದವರು 7,157. ಅದೇ ವರ್ಷ ಮೇ ತಿಂಗಳಲ್ಲಿ ಹಾರ್ವರ್ಡ್ ಜೊತೆ ಸೇರಿ ಎಡ್ಎಕ್ಸ್ ಹುಟ್ಟಿತು. ಅದಕ್ಕೂ ಮೊದಲು, 2011ರಲ್ಲಿ, ಸ್ಟ್ಯಾನ್‌ಫರ್ಡಿನ ಸೆಬಾಸ್ಟಿಯನ್ ತ್ರುನ್ ಮತ್ತು ಪೀಟರ್ ನಾರ್ವಿಗ್ ಅವರ ಕೃತಕ ಬುದ್ಧಿಮತ್ತೆಯ ಕೋರ್ಸಿಗೆ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಜನ ಸೇರಿದ್ದರು. ಇನ್ನು 50 ವರ್ಷಕ್ಕೆ ಜಗತ್ತಿನಲ್ಲಿ ಹತ್ತೇ ಹತ್ತು ವಿಶ್ವವಿದ್ಯಾಲಯ ಉಳಿಯುತ್ತವೆ ಅಂತ ತ್ರುನ್ ಭವಿಷ್ಯ ನುಡಿದೂಬಿಟ್ಟರು. ಮರುವರ್ಷವೇ ತಮ್ಮ ಕಂಪನಿ ಮಾಡಿದ ಸರಕು ಕಳಪೆ ಅಂತ ಅವರೇ ಒಪ್ಪಿಕೊಂಡರು ಅನ್ನೋದು ಬೇರೆ ಮಾತು. ನಮ್ಮ ಊರಿನ ಜ್ಯೋತಿಷಿಗಳು ಇಷ್ಟು ಬೇಗ ಒಪ್ಪಿಕೊಳ್ಳಲ್ಲ.

ಆ ಕಾಲದ ದೊಡ್ಡ ಕಥೆ ಅಂದರೆ ಮಂಗೋಲಿಯಾದ ಹುಡುಗನದು. ಉಲಾನ್‌ಬಾತರಿನ ಬಟ್ಟುಶಿಗ್, ವಯಸ್ಸು 15, ಅಗರ್‌ವಾಲ್ ಅವರ ಕೋರ್ಸಿನಲ್ಲಿ ನೂರಕ್ಕೆ ನೂರು ತೆಗೆದ. ಹಾಗೆ ತೆಗೆದವರು ಇಡೀ ಜಗತ್ತಿನಲ್ಲಿ 340 ಜನ. ಆಮೇಲೆ ಅವನು ಎಂಐಟಿಗೇ ಸೇರಿದ. ಈ ಕಥೆಯನ್ನು ಎಷ್ಟು ಸ್ಲೈಡುಗಳಲ್ಲಿ ನೋಡಿದ್ದೀನೋ ಲೆಕ್ಕ ಇಲ್ಲ. ಹುಲ್ಲುಗಾವಲು, ಗುಡಾರ, ಲ್ಯಾಪ್‌ಟಾಪು, ಜೀನಿಯಸ್ಸು! ಬರೀ ಇಂಟರ್ನೆಟ್ ಕೊಡಿ ಸಾಕು, ಉಳಿದದ್ದು ತಾನಾಗಿ ಆಗ್ತದೆ ಅನ್ನೋ ಅರ್ಥದಲ್ಲಿ.

ಸ್ಲೈಡಿನಲ್ಲಿ ಬಿಟ್ಟುಹೋಗುವ ಭಾಗ ಹೇಳ್ತೀನಿ ಕೇಳಿ. ಆ ಹುಡುಗ ಇದ್ದದ್ದು ರಾಜಧಾನಿಯಲ್ಲಿ. ಅವನ ಶಾಲೆಯ ಪ್ರಿನ್ಸಿಪಾಲರು ಎಂಐಟಿಯಲ್ಲಿ ಪದವಿ ಪಡೆದ ಮೊದಲ ಮಂಗೋಲಿಯನ್. ಅವರು ತಮ್ಮ ಹುಡುಗರಿಗೆ ಈ ಕೋರ್ಸು ಮಾಡಿಸಬೇಕು ಅಂತ ಹಟ ಹಿಡಿದು, ಸ್ಟ್ಯಾನ್‌ಫರ್ಡಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಒಬ್ಬ ಗೆಳೆಯನನ್ನು ಉಲಾನ್‌ಬಾತರಿಗೆ ಕರೆಸಿಕೊಂಡರು. ಅವನು ಲ್ಯಾಬಿನ ಸಾಮಾನು ಹೊತ್ತು ತಂದು ಪಕ್ಕದಲ್ಲಿ ಕೂತು ಸರ್ಕ್ಯೂಟ್ ಕಟ್ಟಿಸಿದ. ಅಂದರೆ ವಿಡಿಯೋ ಬಂದದ್ದು ಬೋಸ್ಟನ್ ಕಡೆಯಿಂದ, ಅದರ ಜೊತೆಗೆ ಒಬ್ಬ ಒಳ್ಳೆ ಹೆಡ್‌ಮಾಸ್ಟರು, ಒಬ್ಬ ಟ್ಯೂಟರು, ಒಂದು ಲ್ಯಾಬು, ಜೊತೆಗೆ ಓದುವ ಗೆಳೆಯರ ಒಂದು ಗುಂಪು. ಹುಡುಗ ಪ್ರತಿಭಾವಂತ, ಅನುಮಾನವೇ ಇಲ್ಲ. ಆದರೆ ಆ ಕಥೆಯಿಂದ ‘ಮೇಷ್ಟರು ಬೇಕಾಗಿಲ್ಲ’ ಅಂತ ಪಾಠ ಕಲಿಯುವವರು ಕಥೆಯನ್ನು ಅರ್ಧ ಓದಿದ್ದಾರೆ.

ಅಂಕಿಗಳ ಬಗ್ಗೆ ಒಂದು ಮಾತು. ನೂರಕ್ಕೆ ಐದು ಜನವೂ ಮುಗಿಸಲಿಲ್ಲ, ಹಾಗಾಗಿ ಸೋತಿತು ಅಂತ ನಗುವವರ ಜೊತೆ ನಾನಿಲ್ಲ. ಏಳು ಸಾವಿರ ಜನ ಎಂಐಟಿ ಮಟ್ಟದ ಸರ್ಕ್ಯೂಟ್ಸ್ ಕಲಿತರು ಅಂದರೆ ಸಣ್ಣ ಸಂಗತಿ ಅಲ್ಲ. ನನ್ನ ತಕರಾರು ಆ ಏಳು ಸಾವಿರ ಜನ ಯಾರು ಅನ್ನೋದರಲ್ಲಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ತಮ್ಮ ಕೋರ್ಸೆರಾ ವಿದ್ಯಾರ್ಥಿಗಳನ್ನು 2013ರಲ್ಲಿ ಸಮೀಕ್ಷೆ ಮಾಡಿದರು. ನೂರಕ್ಕೆ 80ಕ್ಕಿಂತ ಹೆಚ್ಚು ಜನರಿಗೆ ಆಗಲೇ ಪದವಿ ಇತ್ತು. ಭಾರತ, ಚೀನಾ, ಬ್ರೆಜಿಲ್ ಥರದ ದೇಶಗಳಲ್ಲಿ ಕಲಿಯುತ್ತಿದ್ದವರಲ್ಲಿ ಸುಮಾರು 80ರಷ್ಟು ಜನ ಆಯಾ ದೇಶದ ಅತಿ ಶ್ರೀಮಂತ, ಅತಿ ವಿದ್ಯಾವಂತ 6ರಷ್ಟು ಜನರ ಪೈಕಿ. ಇದನ್ನು ಓದುತ್ತಿರುವ ನೀವು, ಬರೆಯುತ್ತಿರುವ ನಾನು, ಆಫೀಸಿನ ಖರ್ಚಿನಲ್ಲಿ ಮೆಷಿನ್ ಲರ್ನಿಂಗ್ ಕೋರ್ಸ್ ಮಾಡಿ ಲಿಂಕ್ಡ್‌ಇನ್‌ನಲ್ಲಿ ಸರ್ಟಿಫಿಕೇಟ್ ಅಂಟಿಸಿಕೊಳ್ಳುವ ನಾವೇ ಆ 80. ಎಲ್ಲರಿಗಾಗಿ ಬೇಯಿಸಿದ ಅನ್ನವನ್ನು ಹೊಟ್ಟೆ ತುಂಬಿದವರೇ ಮೊದಲ ಪಂಕ್ತಿಯಲ್ಲಿ ಕೂತು ಉಂಡೆವು.

ಎಡ್ಎಕ್ಸ್ ಏನಾಯ್ತು ಅಂತೀರಾ? ಲಾಭದ ಉದ್ದೇಶ ಇಲ್ಲದ ಸಂಸ್ಥೆಯಾಗಿ ಹುಟ್ಟಿದ್ದನ್ನು 2021ರಲ್ಲಿ 80 ಕೋಟಿ ಡಾಲರಿಗೆ 2ಯು ಅನ್ನೋ ಕಂಪನಿ ಕೊಂಡುಕೊಂಡಿತು. 2024ರ ಜುಲೈನಲ್ಲಿ ಆ ಕಂಪನಿ ಸಾಲ ತೀರಿಸಲಾರದೆ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು.

ಆದರೆ ಎಡ್ಎಕ್ಸ್ ಬಿಟ್ಟುಹೋದ ಒಂದು ವಿಷಯ ನಮ್ಮ ವಿಮರ್ಶೆಗೆ ಬಹಳ ಮುಖ್ಯ. 2014ರಲ್ಲಿ ಅದರ ವಿಡಿಯೋಗಳ ಮೇಲೆ ಒಂದು ಅಧ್ಯಯನ ಬಂತು. 69 ಲಕ್ಷ ಸಲ ವಿಡಿಯೋ ನೋಡಿದ ದಾಖಲೆ ಇಟ್ಟುಕೊಂಡು ಲೆಕ್ಕ ಹಾಕಿದರು. ವಿಡಿಯೋ ಎಷ್ಟೇ ಉದ್ದ ಇರಲಿ, ಜನ ಸಾಮಾನ್ಯವಾಗಿ ನೋಡೋದು ಹೆಚ್ಚೆಂದರೆ 6 ನಿಮಿಷ ಅಂತ ಗೊತ್ತಾಯ್ತು. ಅಲ್ಲಿಂದ ಜಗತ್ತಿನ ಎಲ್ಲ ಆನ್‌ಲೈನ್ ಮೇಷ್ಟರಿಗೂ 6 ನಿಮಿಷದ ವೇದವಾಕ್ಯ. ಒಂದು ಗಂಟೆಯ ಪಾಠವನ್ನು ಚಕ್ಕುಲಿ ಮುರಿದ ಹಾಗೆ ಮುರಿದರು.

ನನ್ನ ಹೊಟ್ಟೆಪಾಡು ಇಂಥ ಅಂಕಿಗಳಿಂದಲೇ ನಡೆಯೋದು. ಬಳಕೆದಾರ ಎಲ್ಲಿ ಕ್ಲಿಕ್ ಮಾಡಿದ, ಎಲ್ಲಿ ಬಿಟ್ಟುಹೋದ ಅಂತ ಗ್ರಾಫ್ ಹಾಕೋದು ನಮ್ಮ ಟೀಮಿನ ದಿನದ ಕೆಲಸ. ಆದ್ದರಿಂದಲೇ ಹೇಳ್ತೀನಿ, ವಿಡಿಯೋ ನಿಲ್ಲಿಸಿದ ಹುಡುಗ ಬೇಜಾರಾಗಿ ಎದ್ದುಹೋದನೋ, ಇಲ್ಲ ಒಂದು ಹಾಳೆ ತೆಗೆದುಕೊಂಡು ಆ ಲೆಕ್ಕ ತಾನೇ ಮಾಡಿ ನೋಡೋಕೆ ಕೂತನೋ, ಆ ಗ್ರಾಫಿಗೆ ಗೊತ್ತಾಗೋದಿಲ್ಲ. ಎರಡೂ ಒಂದೇ ಕೆಳಗಿಳಿಯುವ ಗೆರೆ. ಬಾಲಕೃಷ್ಣನ್ ಪಾಠವನ್ನು ನಾನು ಆರು ನಿಮಿಷಕ್ಕೊಮ್ಮೆ ನಿಲ್ಲಿಸುತ್ತಿದ್ದೆ, ಬೇಜಾರಾಗಿ ಅಲ್ಲ, ತಲೆಗೆ ಹತ್ತಿಸಿಕೊಳ್ಳೋಕೆ. ಕ್ಲಿಕ್ಕುಗಳಿಗೆ ತಕ್ಕ ಹಾಗೆ ಪಾಠ ಬರೆಯಲು ಕೂತರೆ, ಬರುಬರುತ್ತಾ ನಿಲ್ಲಿಸಬೇಕಾದ ಅಗತ್ಯವೇ ಇಲ್ಲದ ಪಾಠ ತಯಾರಾಗ್ತದೆ. ಜಾರಿಕೊಂಡು ಹೋಗುವ, ಎಲ್ಲೂ ಮುಳ್ಳು ಚುಚ್ಚದ ಪಾಠ.

ಈಗ ನಿಜವಾದ ತೊಂದರೆಗೆ ಬರ್ತೀನಿ. 2014ರಿಂದ ಎನ್‌ಪಿಟೆಲ್ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋಕೆ ಶುರು ಮಾಡಿತು. 2016ರಲ್ಲಿ ಯುಜಿಸಿ, ಪದವಿಯ ಕ್ರೆಡಿಟ್ಟುಗಳಲ್ಲಿ ನೂರಕ್ಕೆ 20ರವರೆಗೆ ಇಂಥ ಆನ್‌ಲೈನ್ ಕೋರ್ಸುಗಳಿಂದ ಪಡೀಬಹುದು ಅಂದಿತು. 2017ರ ಜುಲೈ 9ಕ್ಕೆ ‘ಸ್ವಯಂ’ ಉದ್ಘಾಟನೆ. 2021ರಲ್ಲಿ 20 ಹೋಗಿ 40 ಆಯ್ತು. ಈ ಮೂರ್ನಾಲ್ಕು ಆದೇಶಗಳ ನಡುವೆ ಎಲ್ಲೋ ನಾವು ಕದ್ದುಮುಚ್ಚಿ ಪೆನ್‌ಡ್ರೈವಿನಲ್ಲಿ ಹಂಚಿಕೊಂಡು ಆಸೆಯಿಂದ ನೋಡುತ್ತಿದ್ದ ವಿಡಿಯೋ, ಕಡ್ಡಾಯದ ಒಂದು ಫಾರಂ ಆಗಿಹೋಯ್ತು.

ನಮ್ಮಕ್ಕನ ಮಗಳು ಎಲೆಕ್ಟ್ರಾನಿಕ್ಸ್ ಓದ್ತಿದ್ದಾಳೆ, ಐದನೇ ಸೆಮಿಸ್ಟರು. ಕಾಲೇಜಿನ ಹೆಸರು ಬೇಡ. ಅವಳಿಗೆ ಈ ಸಲದ ಒಂದು ಎಲೆಕ್ಟಿವ್‌ಗೆ ಕ್ಲಾಸೇ ಇಲ್ಲ, 12 ವಾರದ ಎನ್‌ಪಿಟೆಲ್ ಕೋರ್ಸು. ಕಾಲೇಜಿನಲ್ಲಿ ‘ಮೆಂಟರ್’ ಅಂತ ಒಬ್ಬರನ್ನು ಹಾಕಿದ್ದಾರೆ. ಅವರಿಗೆ ಈಗಾಗಲೇ ಮೂರು ಸಬ್ಜೆಕ್ಟು, ಜೊತೆಗೆ ನ್ಯಾಕ್ ಫೈಲಿನ ಕೆಲಸ.

‘ಎಷ್ಟನೇ ವಾರದಲ್ಲಿದ್ದೀಯ?’ ಅಂತ ಕೇಳಿದೆ.

‘ಏಳು ಅಸೈನ್‌ಮೆಂಟ್ ಸಬ್‌ಮಿಟ್ ಮಾಡಿದೀನಿ ಮಾಮ.’

‘ಪಾಠ ಎಷ್ಟು ನೋಡಿದೆ?’

‘ಮೊದಲ್ನೇ ವಾರದ್ದು ನೋಡಿದೆ. ಆಮೇಲೆ ಯಾರ್ ನೋಡ್ತಾರೆ? ಆನ್ಸರ್ ಎಲ್ಲ ಟೆಲಿಗ್ರಾಮಲ್ಲಿ ಬರುತ್ತೆ. ಬುಧವಾರ ರಾತ್ರಿ ಲಾಸ್ಟ್ ಡೇಟು, ಮಧ್ಯಾಹ್ನಕ್ಕೇ ಬಂದಿರುತ್ತೆ.’

ಅವಳು ಸುಳ್ಳು ಹೇಳುವ ಹುಡುಗಿ ಅಲ್ಲ, ಸೋಮಾರಿಯೂ ಅಲ್ಲ. ಲೆಕ್ಕ ಸರಳ. ಅಸೈನ್‌ಮೆಂಟಿಗೆ 25 ಅಂಕ, 12ರಲ್ಲಿ ಒಳ್ಳೆಯ 8 ಮಾತ್ರ ಪರಿಗಣನೆ. ಕೊನೆಯ ಪರೀಕ್ಷೆಗೆ 75. ಪರೀಕ್ಷೆ ಮಾತ್ರ ಸೆಂಟರಿಗೇ ಹೋಗಿ ಕಾವಲಿನಲ್ಲಿ ಬರೀಬೇಕು, ಅದಕ್ಕೆ ಸಾವಿರ ರೂಪಾಯಿ ಫೀಸು, ಬೆಳಿಗ್ಗೆ ಐದಕ್ಕೆ ಬಸ್ಸು. ಹಳೆಯ ಅಸೈನ್‌ಮೆಂಟಿನ ಪ್ರಶ್ನೆಗಳನ್ನು ಬಾಯಿಪಾಠ ಮಾಡಿದರೆ ಪಾಸಾಗ್ತೀವಿ ಅನ್ನೋದು ಅವಳ ಸೀನಿಯರ್‌ಗಳ ಅನುಭವ. ಹೀಗಿರುವಾಗ ಪಾಠ ಯಾಕೆ ನೋಡಬೇಕು ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಐಐಟಿಯ ಪ್ರೊಫೆಸರು ಖಾಲಿ ಬೆಂಚಿಗೆ ಪಾಠ ಮಾಡಿದರು, ಇತ್ತ ಸ್ಕ್ರೀನಿನ ಮುಂದಿನ ಕುರ್ಚಿಯೂ ಖಾಲಿ. ನಡುವೆ ಸರ್ಟಿಫಿಕೇಟ್ ಮಾತ್ರ ಓಡಾಡ್ತಿದೆ.

ಅವಳಿಗೆ ಸಿಕ್ಕಿಬಿದ್ದದ್ದು ಕನ್ವಲ್ಯೂಷನ್‌ನಲ್ಲಿ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಗೊತ್ತಿರುತ್ತದೆ, ಒಂದು ಸಿಗ್ನಲನ್ನು ತಿರುಗಿಸಿ ಇನ್ನೊಂದರ ಮೇಲೆ ಜಾರಿಸಿಕೊಂಡು ಹೋಗಬೇಕು. ‘ಯಾಕೆ ತಿರುಗಿಸ್ಬೇಕು ಮಾಮ?’ ಅಂದಳು. ಒಳ್ಳೆಯ ಪ್ರಶ್ನೆ. ನಾನೂ ಬಿಇಯಲ್ಲಿ ಕೇಳದೆ ಬರೆದು ಪಾಸಾದ ಪ್ರಶ್ನೆ. ತೋಟದ ಉದಾಹರಣೆ ಹೇಳಿದೆ. ಇವತ್ತು ತೆಂಗಿನ ಬುಡದಲ್ಲಿರುವ ತೇವ ಅಂದರೆ ಇವತ್ತು ಬಿಟ್ಟ ನೀರು, ನಿನ್ನೆ ಬಿಟ್ಟದ್ದರಲ್ಲಿ ಒಂದು ದಿನ ಆರಿ ಉಳಿದದ್ದು, ಮೊನ್ನೆ ಬಿಟ್ಟದ್ದರಲ್ಲಿ ಎರಡು ದಿನ ಆರಿ ಉಳಿದದ್ದು, ಹೀಗೆ ಎಲ್ಲ ಸೇರಿ. ನೀರು ಹಳೆಯದಾದಷ್ಟೂ ಆರಿದ ದಿನ ಜಾಸ್ತಿ. ನೀರು ಬಿಟ್ಟ ಪಟ್ಟಿ ಹಿಂದಿನಿಂದ ಮುಂದಕ್ಕೆ ಬರ್ತದೆ, ಆರುವ ಪಟ್ಟಿ ಇವತ್ತಿನಿಂದ ಹಿಂದಕ್ಕೆ ಹೋಗ್ತದೆ. ಎರಡನ್ನೂ ಜೋಡಿಸಿ ಗುಣಿಸಬೇಕಾದರೆ ಒಂದನ್ನು ತಿರುಗಿಸದೆ ಆಗೋದಿಲ್ಲ. ಒಂದು ನಿಮಿಷ ಸುಮ್ಮನಿದ್ದಳು. ‘ಹಂಗಾರೆ ಮಳೆ ಬಂದ್ರೆ?’ ಅಂತ ಕೇಳಿದಳು. ಅಲ್ಲಿಗೆ ಅರ್ಥವಾಗಿದೆ ಅಂತ ನನಗೆ ಗೊತ್ತಾಯ್ತು. ಎನ್‌ಪಿಟೆಲ್‌ನಲ್ಲಿ ಕನ್ವಲ್ಯೂಷನ್ ಬಗ್ಗೆ ನನಗಿಂತ ನೂರು ಪಾಲು ಚೆನ್ನಾಗಿ ಹೇಳುವವರಿದ್ದಾರೆ. ನನಗಿದ್ದ ಅನುಕೂಲ ಅವಳ ತೋಟ ನನಗೆ ಗೊತ್ತಿದ್ದದ್ದು, ಮತ್ತು ಅವಳು ಸುಮ್ಮನಾದಾಗ ನಾನೂ ಸುಮ್ಮನಿದ್ದದ್ದು, ಅಷ್ಟೇ.

ಇದನ್ನು ಮಾಡಬೇಕಾದವರು ಅವಳ ಕಾಲೇಜಿನ ಮೇಷ್ಟರು. ವಿಡಿಯೋಗಳು ಬಂದದ್ದು ಮೇಷ್ಟರಿಗೆ ಊರುಗೋಲಾಗಿ. ಈಗ ಊರುಗೋಲು ಇದೆಯಲ್ಲ, ಕಾಲು ಯಾಕೆ ಅನ್ನುವಲ್ಲಿಗೆ ಬಂದಿದ್ದೀವಿ. ಇಂಜಿನಿಯರಿಂಗ್ ಬಿಟ್ಟು ನಮ್ಮ ಸರ್ಕಾರಿ ಪದವಿ ಕಾಲೇಜುಗಳನ್ನೇ ನೋಡಿ. ಸಾವಿರಾರು ಅತಿಥಿ ಉಪನ್ಯಾಸಕರು 2022ರ ಜನವರಿಯವರೆಗೆ ತಿಂಗಳಿಗೆ 11 ಸಾವಿರ, 13 ಸಾವಿರಕ್ಕೆ ಪಾಠ ಮಾಡ್ತಿದ್ದರು, ಮುಷ್ಕರ ಮಾಡಿದ ಮೇಲೆ ಹೆಚ್ಚಾಯ್ತು. ಅತಿಥಿ ಅನ್ನೋ ಪದಕ್ಕೆ ಇದಕ್ಕಿಂತ ಅವಮಾನ ಬೇರೆ ಇಲ್ಲ. ಹೀಗಿರುವ ಕಡೆ 40ರಷ್ಟು ಕ್ರೆಡಿಟ್ ವಿಡಿಯೋದಿಂದ ಬರಬಹುದು ಅಂದರೆ ಮ್ಯಾನೇಜ್‌ಮೆಂಟಿನವರ ಕಿವಿಗೆ ಅದು ಹೇಗೆ ಕೇಳಿಸ್ತದೆ ಅಂತ ಊಹಿಸಿಕೊಳ್ಳಿ.

ಇನ್ನು ಭಾಷೆ. ಚೀನಾದಲ್ಲಿ ತ್ಸಿಂಗ್ಹುವಾ ವಿಶ್ವವಿದ್ಯಾಲಯ 2013ರಲ್ಲಿ ಶುಯೆಟಾಂಗ್‌ಎಕ್ಸ್ ಶುರು ಮಾಡಿತು. ಜಪಾನಿನಲ್ಲಿ ಅದೇ ವರ್ಷ ಜೆಮೂಕ್, ಕೊರಿಯಾದಲ್ಲಿ 2015ಕ್ಕೆ ಕೆ-ಮೂಕ್. ಚೀನಾ, ಕೊರಿಯಾದವರು ಎಡ್ಎಕ್ಸ್‌ನವರು ಬಿಟ್ಟುಕೊಟ್ಟ ತೆರೆದ ಸಾಫ್ಟ್‌ವೇರನ್ನೇ ತಗೊಂಡರು. ಆದರೆ ಪಾಠ ಮಾಡಿದ್ದು ಚೀನೀ ಭಾಷೆಯಲ್ಲಿ, ಕೊರಿಯನ್ನಿನಲ್ಲಿ. ಜಾಗತೀಕರಣ ಅಂದರೆ ಅವರಿಗೆ ಯಂತ್ರ ಹೊರಗಿನದು, ಮಾತು ಮನೆಯದು. ನಮ್ಮಲ್ಲಿ ಉಲ್ಟಾ, ಪ್ರೊಫೆಸರು ನಮ್ಮವರು, ಸ್ಟುಡಿಯೋ ನಮ್ಮದು, ಮಾತು ಮಾತ್ರ ಇಂಗ್ಲಿಷು. ಇಷ್ಟು ಭಾಷೆಗಳ ದೇಶದಲ್ಲಿ ಅದು ಅನಿವಾರ್ಯ ಅನ್ನುವವರ ಮಾತು ನನಗೆ ಅರ್ಥವಾಗ್ತದೆ. 2021ರಲ್ಲಿ ಎಐಸಿಟಿಇ ಕನ್ನಡದಲ್ಲೂ ಬಿಇ ಮಾಡಬಹುದು ಅಂದಿತು, ಸೇರಿದವರು ತೀರಾ ಕಮ್ಮಿ. ಸೇರದವರನ್ನು ನಾನು ಬೈಯೋದಿಲ್ಲ. ಇಂಟರ್‌ವ್ಯೂ ಇಂಗ್ಲಿಷಿನಲ್ಲಿ ಇರುವಾಗ ಯಾವ ತಂದೆತಾಯಿ ಮಗಳನ್ನು ಪ್ರಯೋಗಕ್ಕೆ ಕೊಡ್ತಾರೆ?

ಕನ್ನಡದ ಇಂಜಿನಿಯರಿಂಗ್ ಪಾಠ ಹುಟ್ಟಿದ್ದು ಯಾರೂ ಆದೇಶ ಹೊರಡಿಸದ ಕಡೆ, ಯೂಟ್ಯೂಬಿನಲ್ಲಿ. ವಿಟಿಯು ಪರೀಕ್ಷೆಯ ಹಿಂದಿನ ರಾತ್ರಿ ಹುಡುಕಿ ನೋಡಿ. ಮನೆಯ ಗೋಡೆಗೆ ವೈಟ್‌ಬೋರ್ಡ್ ತಗುಲಿಸಿಕೊಂಡು, ‘ನೋಡ್ರಪ್ಪಾ, ಇದು ಪಕ್ಕಾ ಬರುತ್ತೆ’ ಅಂತ ಶುರು ಮಾಡುವ ಮೇಷ್ಟರುಗಳು. ಪದಗಳೆಲ್ಲ ಇಂಗ್ಲಿಷು, ಕ್ರಿಯಾಪದ ಎಲ್ಲ ಕನ್ನಡ. ‘ಈ ಲೂಪಲ್ಲಿ ಕರೆಂಟ್ ಹಿಂಗೆ ಹೋಗುತ್ತೆ, ಇಲ್ಲಿ ಎರಡಾಗಿ ಒಡೆಯುತ್ತೆ.’ ಶುದ್ಧ ಕನ್ನಡದ ಪಂಡಿತರು ಮೂಗು ಮುರೀಬಹುದು, ನನ್ನ ಪ್ರಕಾರ ಸದ್ಯಕ್ಕೆ ತಂತ್ರಜ್ಞಾನದ ಜೀವಂತ ಕನ್ನಡ ಇದೇ. ದೋಷವೂ ಅಷ್ಟೇ ದೊಡ್ಡದು. ಅವರಿಗೆ ವಿಷಯ ಅಂದರೆ ಮಾಡ್ಯೂಲ್ ಒಂದರಿಂದ ಐದು, ಪಾಠ ಅಂದರೆ ಹತ್ತು ಅಂಕದ ಪ್ರಶ್ನೆ. ‘ಯಾಕೆ ತಿರುಗಿಸ್ಬೇಕು’ ಅನ್ನೋದು ಪ್ರಶ್ನೆಪತ್ರಿಕೆಯಲ್ಲಿ ಬರಲ್ಲ, ಅದಕ್ಕೆ ಅಲ್ಲಿಯೂ ಬರಲ್ಲ. ಬಾಲಕೃಷ್ಣನ್ ಅವರ ತಾಳ್ಮೆ, ಈ ಮೇಷ್ಟರ ಮಾತು ಎರಡೂ ಒಬ್ಬರಲ್ಲೇ ಸಿಕ್ಕಿದ್ದನ್ನು ನಾನಿನ್ನೂ ನೋಡಿಲ್ಲ.

ಇದರ ಮಧ್ಯೆ ಈಗ ಹೊಸ ಸಂಭ್ರಮ, ವಿದೇಶಿ ವಿಶ್ವವಿದ್ಯಾಲಯಗಳೇ ಬರ್ತಿವೆ. ಯುಜಿಸಿ 2023ರಲ್ಲಿ ನಿಯಮ ಮಾಡಿತು. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ಆಸ್ಟ್ರೇಲಿಯಾದ ಡೀಕಿನ್ ಬಂತು, ಬ್ರಿಟನ್ನಿನ ಲಿವರ್‌ಪೂಲ್‌ಗೆ ಬೆಂಗಳೂರಿನಲ್ಲಿ ಶಾಖೆ ತೆರೆಯಲು 2025ರಲ್ಲಿ ಯುಜಿಸಿಯ ಪತ್ರ ಸಿಕ್ಕಿತು. ಮಲೇಷ್ಯಾಕ್ಕೆ ಮೊನಾಶ್ ಬಂದದ್ದು 1998ರಲ್ಲಿ, ಚೀನಾದ ನಿಂಗ್ಬೋಗೆ ನಾಟಿಂಗ್‌ಹ್ಯಾಮ್ ಬಂದದ್ದು 2004ರಲ್ಲಿ, ಅವು ನಿಂತಿವೆ. ಸಿಂಗಾಪುರದಲ್ಲಿ ಯೇಲ್ ಜೊತೆ ಸೇರಿ ಕಟ್ಟಿದ ಕಾಲೇಜು 2013ರಲ್ಲಿ ತೆರೆದು, 2021ರಲ್ಲಿ ಮುಚ್ಚುವ ತೀರ್ಮಾನವಾಯ್ತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಲಿವರ್‌ಪೂಲ್ ಸುದ್ದಿಗೆ ಬಂದಷ್ಟು ಹೂಗುಚ್ಛ ಯಾವ ಸುದ್ದಿಗೂ ಬಂದಿರಲಿಲ್ಲ. ಬರಲಿ ಬಿಡಿ, ಅದು ಅಪಾರ್ಟ್‌ಮೆಂಟಿನ ಮಕ್ಕಳಿಗೆ. ಅಕ್ಕನ ಮಗಳಿಗೆ ಅದರಿಂದ ಏನೂ ಆಗೋದಿಲ್ಲ, ನಷ್ಟವೂ ಇಲ್ಲ.

ಅವಳಿಗೆ ಹತ್ತಿರದ ಸಂಗತಿ ಬೇರೆ. ಐಐಟಿ ಮದ್ರಾಸು 2021ರಿಂದ ಡೇಟಾ ಸೈನ್ಸಿನಲ್ಲಿ ಆನ್‌ಲೈನ್ ಪದವಿ ಕೊಡ್ತಿದೆ. ಜೆಇಇ ಬೇಡ, 30 ಸಾವಿರಕ್ಕೂ ಹೆಚ್ಚು ಜನ ಓದಿದ್ದಾರೆ, ಬಡವರಿಗೆ ಫೀಸಿನಲ್ಲಿ ದೊಡ್ಡ ರಿಯಾಯಿತಿ ಇದೆ. ಅಲ್ಲಿಯೂ ಪಾಠ ವಿಡಿಯೋದಲ್ಲೇ. ಆದರೆ ಅದರ ಸುತ್ತ ವಾರವಾರ ಮಾತಾಡಲು ಸಿಗುವ ಟ್ಯೂಟರುಗಳನ್ನು ಇಟ್ಟಿದ್ದಾರೆ, ಪರೀಕ್ಷೆಗೆ ಖುದ್ದಾಗಿ ಬರಬೇಕು. ಇದನ್ನು ಮಾಡಿದವರಿಗೆ ಎನ್‌ಪಿಟೆಲ್‌ನ ಹದಿನೈದಿಪ್ಪತ್ತು ವರ್ಷದ ಅನುಭವ ಇತ್ತು ಅನ್ನೋದು ಮುಖ್ಯ.

ಎನ್‌ಪಿಟೆಲ್‌ನಲ್ಲೂ ಈಗ ಹಲವು ಕೋರ್ಸುಗಳಿಗೆ ಪಿಎಂಆರ್‌ಎಫ್ ಫೆಲೋಶಿಪ್ಪಿನ ಪಿಎಚ್.ಡಿ. ವಿದ್ಯಾರ್ಥಿಗಳು ವಾರಕ್ಕೊಮ್ಮೆ ನೇರ ಕ್ಲಾಸು ತಗೋತಾರೆ. ಅಕ್ಕನ ಮಗಳಿಗೆ ಅದು ಗೊತ್ತೇ ಇರಲಿಲ್ಲ, ಮೆಂಟರಿಗೂ ಗೊತ್ತಿತ್ತೋ ಇಲ್ಲವೋ. ಇಮೇಲಿನಲ್ಲಿ ಲಿಂಕ್ ಬಂದು ಬಿದ್ದಿತ್ತು. ಹೋದ ಶನಿವಾರ ಸಂಜೆ ಊರಲ್ಲಿದ್ದೆ, ಹಜಾರದಲ್ಲಿ ಕೂತು ಅವಳ ಫೋನಿನಲ್ಲೇ ಸೇರಿದೆವು. ಆ ಕಡೆ ಇಪ್ಪತ್ತಾರೋ ಇಪ್ಪತ್ತೇಳೋ ವರ್ಷದ ಹುಡುಗ, ಹಿಂದಿ ಬೆರೆತ ಇಂಗ್ಲಿಷು. ಎರಡು ಲೆಕ್ಕ ಮಾಡಿ ತೋರಿಸಿ, ‘ಎನಿ ಡೌಟ್ಸ್?’ ಅಂದ. ಯಾರೂ ಮಾತಾಡಲಿಲ್ಲ. ಇನ್ನೊಂದು ಸಲ ಕೇಳಿದ. ಇವಳು ನನ್ನ ಮುಖ ನೋಡಿದಳು, ನಾನು ತೋಟದ ಕಡೆ ನೋಡಿದೆ. ಮೈಕ್ ಆನ್ ಮಾಡಿ, ತಡವರಿಸಿಕೊಂಡು, ಅರ್ಧ ಇಂಗ್ಲಿಷಿನಲ್ಲಿ ಮೂರನೇ ಹೆಜ್ಜೆ ಯಾಕೆ ಹಾಗೆ ಅಂತ ಕೇಳಿದಳು. ಅವನಿಗೆ ಮೊದಲು ಪ್ರಶ್ನೆ ತಿಳೀಲಿಲ್ಲ. ಎರಡನೇ ಸಲ ಕೇಳಿಸಿಕೊಂಡ, ಬರೆದದ್ದನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿದ. ಅದೊಂದಕ್ಕೇ ಇಪ್ಪತ್ತು ನಿಮಿಷ ಹಿಡೀತು. ಅಕ್ಕ ಕಾಫಿ ತಂದಿಟ್ಟು, ಆರಿಹೋಗುತ್ತೆ ಕಣೇ ಅಂತ ಎರಡು ಸಲ ಹೇಳಿದಳು. ಅವನು ‘ಓಕೆ?’ ಅಂದ. ಇವಳು ‘ಓಕೆ ಸರ್’ ಅಂದವಳು ಮೈಕ್ ಆಫ್ ಮಾಡಲಿಲ್ಲ. ‘ಸರ್, ಒನ್ ಮೋರ್ ಡೌಟ್’ ಅಂದಳು.